ಸಂಪಾದಕರ ಉತ್ತರ: ತಮ್ಮನಿಗೆ ನಿಜದ ಲೆಕ್ಕ ಹೇಳಿ

(ಗಂಗಾವತಿ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರಾಂಶ: ‘ನನ್ನ ತಮ್ಮನಿಗೆ 23 ವರ್ಷ. ಚಿಕ್ಕಂದಿನಲ್ಲೇ ಆಟಿಸಂ ಇದೆ ಎಂದು ವೈದ್ಯರು ಹೇಳಿದ್ದರು. ಅವ್ವನ ಎರಡೂ ಕಿಡ್ನಿ ಕೆಟ್ಟು, ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗುತ್ತಿದೆ. ಕಿಡ್ನಿ ಕಸಿಗೆ ಹಣ ಕೂಡಿಸುತ್ತೇನೆಂದು ತಮ್ಮ ಮಟಕಾ ಬರೆಸತೊಡಗಿದ. ಆಮೇಲೆ ಮೊಬೈಲ್‌ನಲ್ಲೂ ಆಡಿದ. ಅವ್ವನ ಖಾತೆಯಲ್ಲಿ ಕೂಡಿಟ್ಟಿದ್ದ ಗೃಹಲಕ್ಷ್ಮಿ ಹಣ ಹೋಯಿತು, ಝುಮಕಿ ಅಡವಿಗೆ ಹೋಯಿತು. ಅವ್ವನಿಗೆ ಇನ್ನೂ ಹೇಳಿಲ್ಲ. ಚಿಕ್ಕಪ್ಪ ಅವನಿಗೆ ಹೊಡೆದರು. ಕೋಣೆಯಲ್ಲಿ ಕೂಡಿಹಾಕಿ ಎನ್ನುವವರೂ ಇದ್ದಾರೆ. ಇವನನ್ನು ಕಳ್ಳ ಎನ್ನಲೇ, ಹುಚ್ಚ ಎನ್ನಲೇ?’)

ಸಹೋದರಿ,

ಎರಡನ್ನೂ ಅನ್ನಬೇಡಿ. ಹೊಡೆಯುವುದನ್ನೂ ಕೂಡಿಹಾಕುವ ಮಾತನ್ನೂ ಇವತ್ತೇ ನಿಲ್ಲಿಸಿ. ಉಳಿದದ್ದೆಲ್ಲ ಆಮೇಲಿನ ಮಾತು.

ನಿಮ್ಮ ಪತ್ರದ ನಡುವೆ ಒಂದು ಸಾಲು ಬರುತ್ತದೆ. ಕಳೆದ ವರ್ಷ ನೆಂಟರೆಲ್ಲ ಪಡಸಾಲೆಯಲ್ಲಿ ಕೂತು ಕಸಿಯ ಖರ್ಚಿನ ಮಾತು ತೆಗೆದಾಗ, ಚಿಕ್ಕಪ್ಪನವರು ‘ಮಟಕಾ ಹತ್ತಿದರೆ ಮಾತ್ರ ಆಗುವ ಕೆಲಸ ಇದು’ ಎಂದರಂತೆ. ಕೂತವರಿಗೆಲ್ಲ ಅದು ಕೈಚೆಲ್ಲಿ ಆಡಿದ ಮಾತು. ಆದರೆ ಆಟಿಸಂ ಇರುವ ಅನೇಕರು ಆಡಿದ ಮಾತನ್ನು ಆಡಿದ ಹಾಗೆಯೇ ತೆಗೆದುಕೊಳ್ಳುತ್ತಾರೆ. ಹತಾಶೆಯ ದನಿ ಯಾವುದು, ಸಲಹೆಯ ದನಿ ಯಾವುದು ಎಂಬುದು ಅವರಿಗೆ ತಾನಾಗಿ ಹೊಳೆಯುವುದಿಲ್ಲ. ಹಿರಿಯರೊಬ್ಬರು ದಾರಿ ಹೇಳಿದರು, ಹುಡುಗ ಆ ದಾರಿ ಹಿಡಿದ. ಬೇರೆ ದಾರಿಗಳಿವೆ ಎಂದು ಅವನಿಗೆ ಅಂದಿನಿಂದ ಇಂದಿನವರೆಗೆ ಯಾರೂ ಬಿಡಿಸಿ ಹೇಳಿದಂತೆ ಪತ್ರದಲ್ಲಿ ಕಾಣಲಿಲ್ಲ.

ನೀವು ಜೊತೆಗಿಟ್ಟ ಅವನ ನೋಟ್‌ಪುಸ್ತಕದ ನಕಲನ್ನು ಓದಿದೆ. ಎಡಕ್ಕೆ ದಿನಾಂಕ, ಆಮೇಲೆ ಓಪನ್, ಕ್ಲೋಸ್ (ಮಟಕಾದ ಮೊದಲ ಅಂಕಿ, ಎರಡನೆಯ ಅಂಕಿ), ಕಟ್ಟಿದ ಹಣ, ಬಂದ ಹಣ. ಬಂದ ಹಣದ ಸಾಲಿನಲ್ಲಿ ಸೊನ್ನೆಯ ಕೆಳಗೆ ಸೊನ್ನೆ. ಪುಟದ ಕೊನೆಗೆ ‘ಅವ್ವನ ಕಿಡ್ನಿಗೆ ಇನ್ನೂ ಬೇಕು’ ಎಂದು ಬರೆದು ಒಂದು ಮೊತ್ತ. ಮುಂದಿನ ಪುಟದಲ್ಲಿ ಆ ಮೊತ್ತ ದೊಡ್ಡದಾಗಿದೆ, ಏಕೆಂದರೆ ಕಳೆದುಕೊಂಡದ್ದನ್ನೂ ಅವನು ಅದಕ್ಕೇ ಕೂಡಿಸಿದ್ದಾನೆ. ಕದಿಯುವವನು ಹೀಗೆ ಲೆಕ್ಕ ಇಡುವುದಿಲ್ಲ, ಸಹೋದರಿ. ಈ ಪುಟಗಳನ್ನು ನೋಡಿ ನನಗೆ ಸಿಟ್ಟು ಬಂದದ್ದು ಅವನ ಮೇಲಲ್ಲ. ಇಂಥ ಹುಡುಗನಿಂದ ದಿನವೂ ಚೀಟಿ ಬರೆಸಿಕೊಂಡು, ‘ಚಾರ್ಟ್ ಓದಿದರೆ ನಂಬರ್ ಸಿಕ್ಕೇ ಸಿಗುತ್ತದೆ’ ಎಂದು ಹುರಿದುಂಬಿಸಿದ ಪಾನ್ ಅಂಗಡಿಯವನ ಮೇಲೆ.

ಆದ್ದರಿಂದ ಬೈಗುಳ ಬಿಟ್ಟು ಅವನ ಮುಂದೆ ಲೆಕ್ಕ ಇಡಿ. ಅವನು ಅಂಕಿಗಳನ್ನು ಗೌರವಿಸುವವನು. ಎರಡೂ ಅಂಕಿ ಸೇರಿದ ಜೋಡಿ ನಂಬರ್ 00ರಿಂದ 99ರವರೆಗೆ ನೂರು. ನಿಮ್ಮೂರಿನಲ್ಲಿ ಹತ್ತು ರೂಪಾಯಿಗೆ 800 ಕೊಡುತ್ತಾರೆ ಎಂದು ನೀವೇ ಬರೆದಿದ್ದೀರಿ. ಹಾಗಾದರೆ ನೂರೂ ನಂಬರಿಗೆ ಹತ್ತರಂತೆ ಕಟ್ಟಿದರೆ ಹೋಗುವುದು 1,000, ಬರುವುದು 800. ಎಲ್ಲ ನಂಬರನ್ನೂ ಕೊಂಡವನೇ 200 ಕಳೆದುಕೊಳ್ಳುವ ಆಟದಲ್ಲಿ ಒಂದೆರಡು ನಂಬರ್ ಕೊಂಡವನು ದಿನಗಳೆದಂತೆ ಉಳಿಯುವುದು ಹೇಗೆ? ನಿನ್ನೆ 47 ಬಂದಿತೆಂಬುದು ಇವತ್ತಿನ ನಂಬರಿಗೆ ಗೊತ್ತಿರುವುದಿಲ್ಲ, ಹಾಗಾಗಿ ಹಳೆಯ ಚಾರ್ಟಿನಲ್ಲಿ ಓದಲು ಏನೂ ಇಲ್ಲ. ಸಾಲದ್ದಕ್ಕೆ, ನಂಬರ್ ತೆಗೆಯುವುದು ಹಣ ಕಟ್ಟಿಸಿಕೊಂಡವರ ಕಡೆಯವರೇ. ಇದನ್ನು ಬಾಯಲ್ಲಿ ಹೇಳಿ ಮುಗಿಸಬೇಡಿ. ಹಾಳೆಯ ಮೇಲೆ ಬರೆದು ಅವನ ಕೈಗೆ ಕೊಡಿ, ಅವನೇ ಕೂಡಿ ಕಳೆದು ನೋಡಲಿ.

ಮೊಬೈಲ್ ಆಟದ ಸಂಗತಿ ಬೇರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾಯ್ದೆ ಮಾಡಿ ನಿಷೇಧಿಸಿದೆ. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆಡಿದವನಿಗೆ ಆ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ, ಅವನನ್ನು ಅದು ಮೋಸಹೋದವನೆಂದೇ ಕಾಣುತ್ತದೆ. ಹಾಗಾಗಿ ಹೆದರದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ, ಹಣ ಹೋದ ಸಂದೇಶಗಳನ್ನು ಅಳಿಸಬೇಡಿ. ಮಟಕಾ ಮಾತ್ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಅಪರಾಧ, ಬರೆಸಿದವನ ಮೇಲೂ ಪ್ರಕರಣ ಬೀಳಬಹುದು. ಠಾಣೆಗೆ ಹೋಗುವ ಮೊದಲು ಕೊಪ್ಪಳದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರನ್ನು ಕೇಳಿ. ಮಹಿಳೆಯರಿಗೂ ಅಂಗವಿಕಲರಿಗೂ ಅಲ್ಲಿ ಆದಾಯ ನೋಡದೆ ಉಚಿತ ನೆರವು ಕೊಡುತ್ತಾರೆ. ಅಡವಿನ ಬಡ್ಡಿಯ ವಿಷಯವನ್ನೂ ಅಲ್ಲೇ ಎತ್ತಿ.

ಇನ್ನು ಕಸಿಯ ಹಣ. ನಿಮ್ಮದು ಬಿಪಿಎಲ್ ಕಾರ್ಡ್ ಎಂದಿದ್ದೀರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶವಿದೆ. ಕಸಿಗೆ ಎಷ್ಟು ಸಿಗುತ್ತದೆ, ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ ಎಂಬುದನ್ನು ಈ ಯೋಜನೆಯ ನೆರವಿಗೆಂದೇ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರ ಮುಂದೆ ಕೂತು ಬರೆಸಿಕೊಳ್ಳಿ. ಮನೆಯವರ ಕಿಡ್ನಿ ಹೊಂದದಿದ್ದರೆ, ಕಸಿ ಮಾಡುವ ಆಸ್ಪತ್ರೆಯ ಮೂಲಕ, ರಾಜ್ಯದ ಅಂಗದಾನ ಸಂಸ್ಥೆಯಾದ ‘ಜೀವಸಾರ್ಥಕತೆ’ಯ ಪಟ್ಟಿಯಲ್ಲಿ ಅವ್ವನ ಹೆಸರು ಸೇರಿಸಬಹುದು. ಹೋಗುವಾಗ ತಮ್ಮನನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಅವ್ವನ ಪ್ರಾಣಕ್ಕೆ ಬೆಲೆ ಕಟ್ಟಿದ ಮಾತನ್ನು ಅವನು ಕೇಳಿದ್ದಾನೆ. ಆ ಬೆಲೆಯಲ್ಲಿ ಎಷ್ಟು ಸರ್ಕಾರದಿಂದ, ಎಷ್ಟು ನಮ್ಮಿಂದ ಎಂಬುದನ್ನೂ ಅವನೇ ಕೇಳಿ ಬರೆದುಕೊಳ್ಳಬೇಕು.

ಅವನಿಗೆ ಅವ್ವನಿಗಾಗಿ ಮಾಡುವ ಕೆಲಸವೂ ಬೇಕು. ಡಯಾಲಿಸಿಸ್ ಆದವರ ಮನೆಯಲ್ಲಿ ಅಂಥ ಕೆಲಸ ಬೇಕಾದಷ್ಟಿದೆ, ಮಾಡುವವರು ಸಿಗುವುದಿಲ್ಲ. ಬೆಳಿಗ್ಗೆ ಎದ್ದೊಡನೆ ತೂಕ ನೋಡಬೇಕು, ಏಕೆಂದರೆ ಮೈಯಲ್ಲಿ ನಿಂತ ಒಂದು ಲೀಟರ್ ನೀರು ಎಂದರೆ ಒಂದು ಕಿಲೋ. ವೈದ್ಯರು ಹೇಳಿದಷ್ಟು ನೀರನ್ನು ಅಳೆದು ಬಾಟಲಿಗೆ ಹಾಕಿಟ್ಟು, ಚಹಾ, ಮಜ್ಜಿಗೆ, ಸಾರನ್ನೂ ಅದೇ ಲೆಕ್ಕಕ್ಕೆ ಸೇರಿಸಬೇಕು. ನೋಡಲು ಬಂದವರು ಪ್ರೀತಿಯಿಂದ ತರುವ ಎಳನೀರು, ಬಾಳೆಹಣ್ಣು ಪೊಟ್ಯಾಸಿಯಂ ಏರಿಸಿ ಹೃದಯಕ್ಕೇ ಅಪಾಯ ತರಬಹುದು, ಅವನ್ನು ಬೇಡವೆನ್ನುವ ಗಟ್ಟಿ ಮನಸ್ಸಿನವರೊಬ್ಬರು ಬೇಕು. ಬಿ.ಪಿ. ಅಂಕಿ, ಇಂಜೆಕ್ಷನ್ ದಿನ, ರಕ್ತಪರೀಕ್ಷೆಯ ಚೀಟಿ ಒಂದೂ ತಪ್ಪಬಾರದು. ನಿಮ್ಮ ತಮ್ಮನಷ್ಟು ಚೊಕ್ಕವಾಗಿ ಇದನ್ನು ಮಾಡುವವರು ಆ ಮನೆಯಲ್ಲಿ ಮತ್ತೊಬ್ಬರಿಲ್ಲ ಎಂದು ನೋಟ್‌ಪುಸ್ತಕ ನೋಡಿಯೇ ಹೇಳಬಲ್ಲೆ.

ಹೀಗೆಂದ ಮಾತ್ರಕ್ಕೆ ಆಟದ ಸೆಳೆತ ತಾನಾಗಿ ಬಿಟ್ಟುಹೋಗುವುದಿಲ್ಲ. ಜೂಜಿನ ಗೀಳನ್ನು ವೈದ್ಯಶಾಸ್ತ್ರ ಚಿಕಿತ್ಸೆ ಬೇಕಾದ ಸ್ಥಿತಿ ಎಂದೇ ಪರಿಗಣಿಸುತ್ತದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲೇ ಮನೋರೋಗಕ್ಕೆ ಮದ್ದು ಕೊಡುವುದನ್ನು ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ‘ಬಳ್ಳಾರಿ ಮಾದರಿ’ಯೇ ತಳಹದಿ. ಈ ಸೀಮೆಯವರು ಮನೋವೈದ್ಯರ ಬಳಿ ಹೋಗಲು ನಾಚಿಕೊಳ್ಳಬೇಕಾಗಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಆಟಿಸಂ ಇದೆ ಎಂಬುದನ್ನು ಮೊದಲೇ ಹೇಳಿ, ಮಾತಿನ ರೀತಿಯನ್ನು ಅವರು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳುತ್ತಾರೆ. ಆಟಿಸಂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಲ್ಲವಾದರೆ ಅದಕ್ಕೂ ಅರ್ಜಿ ಹಾಕಿ.

ಅವನ ಹಣಕಾಸನ್ನೆಲ್ಲ ಕಿತ್ತುಕೊಂಡು ಕಾನೂನು ಪಾಲಕರಾಗಿಬಿಡಿ ಎಂದು ಯಾರೋ ಹೇಳಿದ್ದಾರಂತೆ. ಅದಕ್ಕೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿ ಇದೆ ನಿಜ. ಆದರೆ ಕೂಡಿಸಿ ಕಳೆಯಬಲ್ಲ, ಕೇಳಿದ್ದಕ್ಕೆ ಸುಳ್ಳು ಹೇಳದ ವಯಸ್ಕನಿಗೆ ಅದು ಬೇಕೆಂದು ನನಗೆ ಅನ್ನಿಸುವುದಿಲ್ಲ. ಅವನನ್ನೇ ಕೂರಿಸಿಕೊಂಡು ಫೋನಿನ ಯುಪಿಐ ಮಿತಿಯನ್ನು ಕೆಳಗಿಳಿಸಿ. ಅವ್ವನ ಖಾತೆಯನ್ನು ಅವನ ಫೋನಿನಿಂದ ತೆಗೆದು ನಿಮ್ಮ ಫೋನಿಗೆ ಹಾಕಿ, ತಿಂಗಳಿಗೊಮ್ಮೆ ಪಾಸ್‌ಬುಕ್ ಅವನಿಗೂ ತೋರಿಸಿ.

ಅವ್ವನಿಗೆ ಹೇಳಬೇಕೇ ಎಂದು ಕೇಳಿದ್ದೀರಿ. ಹೇಳಬೇಕು. ಹಣ ಅವರದು, ಮಗನೂ ಅವರವನು, ಹೊರಗಿನವರ ಬಾಯಿಂದ ಅವರಿಗೆ ಇದು ತಿಳಿಯಬಾರದು. ತಮ್ಮನೇ ಹೇಳಲಿ, ನೀವು ಪಕ್ಕದಲ್ಲಿರಿ, ಚಿಕ್ಕಪ್ಪನವರು ಆ ಹೊತ್ತಿಗೆ ಅಲ್ಲಿ ಬೇಡ. ಡಯಾಲಿಸಿಸ್ ಮುಗಿಸಿ ಬಂದ ದಿನ ಅವರಿಗೆ ಆಯಾಸವಿರುತ್ತದೆ, ಮರುದಿನ ತಿಂಡಿಯಾದ ಮೇಲೆ ಹೇಳಿ.

— ಸಂಪಾದಕ