ಮಾವನ ಬಿಯರು, ಲಂಡನ್ನಿನ ನೀರು

ಪ್ರಶ್ನೆ: ನನ್ನ ಸೋದರಮಾವ 1966ರಲ್ಲಿ ಮಂಗಳೂರು ಬಿಟ್ಟು ಬರ್ಮಿಂಗ್‌ಹ್ಯಾಮಿಗೆ ಹೋದವರು. ಅಲ್ಲಿ ಮನೆಯಲ್ಲೇ ಬಿಯರ್ ಮಾಡುತ್ತಿದ್ದರು. ಹೋಗಿದ್ದಾಗ ನಾನೂ ಕುಡಿದಿದ್ದೇನೆ. ಕಷಾಯದ ಬಣ್ಣ, ನೊರೆ ಕಡಿಮೆ, ಕಹಿಯೂ ಕಡಿಮೆ. ಕಳೆದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಡೈರಿಯಲ್ಲಿ ಇಷ್ಟು ಸಿಕ್ಕಿದೆ: “ಮಾಲ್ಟ್ 4 ಪೌಂಡ್, ಸಕ್ಕರೆ 2 ಪೌಂಡ್, ಹಾಪ್ಸ್ 2 ಔನ್ಸ್, ಬೇಕರಿ ಯೀಸ್ಟ್. 1 ಗಂಟೆ ಕುದಿ. ನೀರು ಸೇರಿ 5 ಗ್ಯಾಲನ್. ಬಿಸಿ ಕಪಾಟಿನಲ್ಲಿ 5 ದಿನ. ಬಾಟಲಿಗೆ ಅರ್ಧ ಚಮಚ ಸಕ್ಕರೆ.” ಈಗ ಲಂಡನ್ನಿನಲ್ಲಿರುವ ಅವರ ಮಗಳು ಇದನ್ನು ಮಾಡಿ ನೋಡಿದಳು. 5 ಗ್ಯಾಲನ್ ಅಂದರೆ 19 ಲೀಟರ್ ಎಂದು ಲೆಕ್ಕ ಹಿಡಿದಳು. ಅಂಗಡಿಯವರು ಕೊಟ್ಟ ಅಮೆರಿಕದ ಹಾಪ್ಸ್ ಹಾಕಿದಳು, ಪೊಟ್ಟಣದ ಮೇಲೆ ಶೇ. 12 ಎಂದಿತ್ತಂತೆ. ಬಕೆಟ್ ಗ್ಯಾರೇಜಿನಲ್ಲಿತ್ತು. ಬಣ್ಣ ತೆಳು, ಬಾಯಿಗಿಡಲಾಗದಷ್ಟು ಕಹಿ. ಮೇಲಿಂದ ಎರಡು ಬಾಟಲಿ ಒಡೆದವು. ಈ ಡಿಸೆಂಬರಿನ ವರ್ಷಾಂತಿಕಕ್ಕೆ ಸರಿಯಾಗಿ ಮಾಡಬೇಕೆಂದು ಅವಳ ಆಸೆ. ಎಲ್ಲಿ ತಪ್ಪಿತು? ಇಲ್ಲಿ ನಾನೂ ಒಂದು ಬಕೆಟ್ ಮಾಡಬಹುದೇ?
ಓದುಗರು, ಕದ್ರಿ, ಮಂಗಳೂರು

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬೇಡ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮನೆ ಖರ್ಚಿಗೆ, ಮಾವನ ನೆನಪಿಗೆ ಅಂದರೆ ಇನ್‌ಸ್ಪೆಕ್ಟರು ಕೇಳುವುದಿಲ್ಲ. ಇಂಗ್ಲೆಂಡಿನ ಕಥೆ ಬೇರೆ. ಅಲ್ಲೂ 1880ರಿಂದ ಮನೆ ಬಿಯರಿಗೆ ಲೈಸೆನ್ಸ್ ಬೇಕಿತ್ತು. 1963ರ ಬಜೆಟ್ಟಿನಲ್ಲಿ ಹಣಕಾಸು ಮಂತ್ರಿ ರೆಜಿನಾಲ್ಡ್ ಮಾಡ್ಲಿಂಗ್ ಅದನ್ನು ಕಿತ್ತುಹಾಕಿದರು. ಮಾರಬಾರದು, ಅಷ್ಟೇ. ನಿಮ್ಮ ಮಾವ ಹೋಗಿ ಇಳಿಯುವ ಹೊತ್ತಿಗೆ ಔಷಧಿ ಅಂಗಡಿಯಲ್ಲೇ ಮಾಲ್ಟೂ (ಮೊಳಕೆ ಬಾರ್ಲಿಯಿಂದ ತೆಗೆದ ಸಿಹಿ ಸಾರ) ಹಾಪ್ಸೂ ಸಿಗುತ್ತಿದ್ದ ಕಾಲ ಅದು. ಹಾಗಾಗಿ ಬಕೆಟ್ ಲಂಡನ್ನಿನಲ್ಲೇ ಇರಲಿ. ನೀವು ಇಲ್ಲಿಂದ ಉಪದೇಶ ಕೊಡಿ.

ನಾನು ಬೆಂಗಳೂರಿನ ಬ್ರೂವರಿಯೊಂದರ ಲ್ಯಾಬಿನಲ್ಲಿ ಆಯುಷ್ಯ ಕಳೆದು ಈಗ ಉಡುಪಿಯಲ್ಲಿ ಕೂತವನು. ಡೈರಿಯ ಸಾಲುಗಳನ್ನು ಓದಿದೆ. ಲೆಕ್ಕದಲ್ಲಿ ದೋಷವಿಲ್ಲ. ಆದರೆ ಮಾವ ಬರೆದದ್ದು ತಮಗಾಗಿ. ತಮಗೆ ಗೊತ್ತಿದ್ದದ್ದನ್ನು ಯಾರಾದರೂ ಬರೆದಿಡುತ್ತಾರಾ? ನಮ್ಮ ಅಜ್ಜಿಯಂದಿರ ಉಪ್ಪಿನಕಾಯಿ ಚೀಟಿಯಲ್ಲಿ ಉಪ್ಪಿನ ಅಳತೆ ಎಲ್ಲಿರುತ್ತದೆ, ಹೇಳಿ.

ಮೊದಲು ಗ್ಯಾಲನ್. ಇಂಗ್ಲೆಂಡಿನ ಗ್ಯಾಲನ್ 4.546 ಲೀಟರ್, ಅಮೆರಿಕದ್ದು 3.785. ನಿಮ್ಮ ಹುಡುಗಿ ಮೊಬೈಲಿನಲ್ಲಿ ಅಮೆರಿಕದ್ದನ್ನು ಒತ್ತಿದ್ದಾಳೆ. ಮಾವನ 5 ಗ್ಯಾಲನ್ ಎಂದರೆ ಸುಮಾರು 22.7 ಲೀಟರ್. ಅಷ್ಟು ನೀರಿನಲ್ಲಿ ಈ ಮಾಲ್ಟು, ಸಕ್ಕರೆ ಕರಗಿದರೆ ಹೈಡ್ರೋಮೀಟರ್ (ದ್ರವ ಎಷ್ಟು ಗಟ್ಟಿ ಎಂದು ಅಳೆಯುವ ಗಾಜಿನ ಕೊಳವೆ, ಬರೀ ನೀರಿನಲ್ಲಿ 1.000) 1.039ರ ಆಸುಪಾಸು ತೋರಿಸಬೇಕು. ಹುಳಿತು ಮುಗಿದಾಗ 1.006ರ ಹತ್ತಿರಕ್ಕೆ ಇಳಿದರೆ ಮದ್ಯಸಾರ ಸುಮಾರು ಶೇ. 4.3. ಸಂಜೆ ಎರಡು ಗ್ಲಾಸ್ ಕುಡಿದು ಬೆಳಿಗ್ಗೆ ಕೆಲಸಕ್ಕೆ ಹೋಗುವವರ ಬಿಯರು. 19 ಲೀಟರಿಗೆ ಅದೇ ಸಾಮಾನು ಹಾಕಿದರೆ ಶುರುವೇ 1.047. ಸುಮ್ನೆ ಜಾಸ್ತಿ ಗಟ್ಟಿ.

ಕಹಿಗೆ ಕಾರಣ ಆ ಶೇ. 12. ಹಾಪ್ಸ್ ಅಂದರೆ ಒಂದು ಬಳ್ಳಿಯ ಹೂ. ಅದರ ಅಂಟಿನಲ್ಲಿ ಆಲ್ಫಾ ಆಮ್ಲ ಇರುತ್ತದೆ. ಗಂಟೆಗಟ್ಟಲೆ ಕುದಿಸಿದಾಗ ಅದು ರೂಪ ಬದಲಿಸಿ ನೀರಿಗೆ ಇಳಿಯುತ್ತದೆ, ಅದೇ ಕಹಿ. ಪೊಟ್ಟಣದ ಮೇಲಿನ ಶೇಕಡಾ ಆ ಆಮ್ಲದ್ದು. ಇಂಗ್ಲೆಂಡಿನ ಹಳೆ ತಳಿಗಳಾದ ಫಗಲ್ಸ್, ಗೋಲ್ಡಿಂಗ್ಸ್‌ನಲ್ಲಿ ಅದು ಶೇ. 4ರಿಂದ 5ರ ಸುಮಾರಿಗಿರುತ್ತದೆ. ಅಂದರೆ ನಿಮ್ಮ ಹುಡುಗಿ ಮಾವನ ಎರಡೂವರೆ ಪಟ್ಟು ಕಹಿ ಹಾಕಿದ್ದಾಳೆ, ಅದೂ ಕಡಿಮೆ ನೀರಿಗೆ. ಅಷ್ಟೇ ಅಲ್ಲ. ಹಾಪ್ಸ್ ಗಾಳಿಗೆ, ಬೆಳಕಿಗೆ ಬಿದ್ದು ಹಳತಾದಂತೆ ಕಹಿ ಕಳೆದುಕೊಳ್ಳುತ್ತದೆ. ಆಗ ಬಿಡಿಯಾಗಿ, ಕಂದು ಬಣ್ಣಕ್ಕೆ ತಿರುಗಿದ ಹಾಪ್ಸ್ ಮಾರುವುದು ಮಾಮೂಲಾಗಿತ್ತು. ಇಂದಿನದು ಗಾಳಿ ತೆಗೆದ ಪೊಟ್ಟಣದ್ದು, ತಾಜಾ. ನಿಮಗೆ ನೆನಪಿರುವುದು ಕಹಿ ಕಡಿಮೆಯ ಬಿಯರು. ಆದ್ದರಿಂದ ಫಗಲ್ಸ್ ತಂದು, ಡೈರಿಯಲ್ಲಿ 57 ಗ್ರಾಂ ಆಗುವ ಕಡೆ 40 ಗ್ರಾಂ ಮಾತ್ರ ಹಾಕಲಿ. ಅಂಗಡಿಯ ಹುಡುಗ ನಗಬಹುದು. ನಗಲಿ.

ಬಣ್ಣದ್ದು ಸುಲಭ. ತೆಳು ಬಣ್ಣದ ಮಾಲ್ಟ್ ಸಾರ ತಂದಿದ್ದಾಳೆ, ಕಡು ಬಣ್ಣದ್ದು ತರಲಿ. ಡಬ್ಬಿಯ ಮೇಲೆ ಬಿಯರಿಗೆಂದೇ ಬರೆದಿರಬೇಕು. ಮಕ್ಕಳ ಟಾನಿಕ್ ಎಂದು ಮಾರುವ ಮಾಲ್ಟಿನಲ್ಲಿ ಕೆಲವೊಮ್ಮೆ ಕಾಡ್ ಮೀನಿನ ಎಣ್ಣೆ ಇರುತ್ತದೆ. ಮೀನು ನಮಗೆ ಎಷ್ಟೇ ಇಷ್ಟವಾದರೂ ಬಿಯರಿನಲ್ಲಿ ಬೇಡ ಅಲ್ವಾ?

ಇನ್ನು ಬಾಟಲಿ ಒಡೆದದ್ದು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಗಾಜು ಕಣ್ಣಿಗೆ ಹಾರುತ್ತದೆ. ಮಾವನ “ಬಿಸಿ ಕಪಾಟು” ಅಂದರೆ ಅಲ್ಲಿನ ಮನೆಗಳಲ್ಲಿ ಬಿಸಿನೀರಿನ ಹಂಡೆ ಇಟ್ಟ ಕಪಾಟು, ಬಟ್ಟೆ ಒಣಗಿಸುವ ಜಾಗ. ಅಲ್ಲಿ ಬೆಚ್ಚಗಿರುತ್ತದೆ, 5 ದಿನದಲ್ಲಿ ಯೀಸ್ಟ್ ಸಕ್ಕರೆಯನ್ನೆಲ್ಲ ತಿಂದು ಮುಗಿಸುತ್ತದೆ. ಲಂಡನ್ನಿನ ಗ್ಯಾರೇಜಿನ ಚಳಿಯಲ್ಲಿ 5 ದಿನಕ್ಕೆ ಅರ್ಧ ಕೆಲಸವೂ ಆಗಿರಲಿಕ್ಕಿಲ್ಲ. ಉಳಿದ ಸಕ್ಕರೆ, ಮೇಲಿಂದ ಅರ್ಧ ಚಮಚ, ಎರಡೂ ಸೇರಿ ಮುಚ್ಚಿದ ಬಾಟಲಿಯೊಳಗೆ ಗ್ಯಾಸ್ ಆಯಿತು. ಮನೆಯೊಳಗೆ 20 ಡಿಗ್ರಿ ಸೆಲ್ಸಿಯಸ್‌ನ ಸುತ್ತಮುತ್ತ ಇಡಲಿ. ದಿನ ಎಣಿಸುವುದು ಬೇಡ. ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸಿದ ಮೇಲೆ ಬಾಟಲಿಗೆ ತುಂಬಲಿ. ಅರ್ಧ ಚಮಚ ಅಂದರೆ ಚಹಾ ಚಮಚ, ಅದೂ 568 ಮಿಲಿಲೀಟರಿನ ಪೈಂಟ್ ಬಾಟಲಿಗೆ. ಚಿಕ್ಕ ಬಾಟಲಿಗೆ ಅದಕ್ಕಿಂತ ಕಡಿಮೆ. ಒಂದೆರಡನ್ನು ಸೋಡಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಟ್ಟರೆ ಒಳ್ಳೆಯದು. ಬೆರಳಲ್ಲಿ ಒತ್ತಿದಾಗ ಗಟ್ಟಿಯಾಗಿದ್ದರೆ ಗ್ಯಾಸ್ ತುಂಬಿದೆ ಎಂದು ಗೊತ್ತಾಗುತ್ತದೆ.

ಬೇಕರಿ ಯೀಸ್ಟ್ ಬಗ್ಗೆ ಅಂಗಡಿಯವರು ಮೂಗು ಮುರಿಯುತ್ತಾರೆ. ನಾನು ಅದನ್ನೇ ಹಾಕಿ ಎನ್ನುತ್ತೇನೆ. ಅದೂ ಇಂಥ ಬಿಯರಿಗೆಂದೇ ಮಾರುವ ಯೀಸ್ಟೂ ಒಂದೇ ಜಾತಿಯ ಜೀವಿ. ಬೇಕರಿಯದ್ದು ತಳಕ್ಕೆ ಸರಿಯಾಗಿ ಕೂರುವುದಿಲ್ಲ, ಬಿಯರು ಸ್ವಲ್ಪ ಮಬ್ಬಾಗಿರುತ್ತದೆ, ಬ್ರೆಡ್ಡಿನ ವಾಸನೆ ಬರುತ್ತದೆ. ಆ ವಾಸನೆ ಇಲ್ಲದಿದ್ದರೆ ಅದು ಒಳ್ಳೆಯ ಬಿಯರ್ ಆಗಬಹುದು, ಮಾವನದ್ದಾಗುವುದಿಲ್ಲ. ಬಗ್ಗಿಸುವಾಗ ತಳದ ಮಡ್ಡಿ ಕದಡದಿದ್ದರೆ ಸಾಕು.

ಕೊನೆಗೆ ನೀರು. ಡೈರಿಯಲ್ಲಿ ಇದರ ಸುದ್ದಿಯೇ ಇಲ್ಲ, ಇರುವುದೂ ಸಾಧ್ಯವಿರಲಿಲ್ಲ. ಬರ್ಮಿಂಗ್‌ಹ್ಯಾಮಿಗೆ 1904ರಿಂದ ವೇಲ್ಸ್‌ನ ಎಲಾನ್ ಕಣಿವೆಯ ನೀರು ಬರುತ್ತದೆ, ತುಂಬ ಮೆದು ನೀರು. ನಮ್ಮ ಕರಾವಳಿಯ ಬಾವಿ ನೀರು ಕುದಿಸಿದರೆ ಪಾತ್ರೆಗೆ ಬಿಳಿ ಪದರ ಕಟ್ಟುವುದಿಲ್ಲವಲ್ಲ, ಆ ಜಾತಿಯದು. ಲಂಡನ್ನಿನದು ಸುಣ್ಣದ ಗಡಸು ನೀರು. ಅದರಲ್ಲಿ ಕಹಿ ಒರಟಾಗಿ ನಾಲಿಗೆಗೆ ಹತ್ತುತ್ತದೆ. ಹಿಂದಿನ ದಿನವೇ ಎಲ್ಲ ನೀರನ್ನೂ ಕುದಿಸಿ, ತಣಿಸಿ, ಬಿಳಿ ಪುಡಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಲಿ. ಅರ್ಧ ಕ್ಯಾಂಪ್ಡೆನ್ ಮಾತ್ರೆ (ಬಿಯರ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಸಲ್ಫೈಟ್ ಮಾತ್ರೆ) ಪುಡಿ ಮಾಡಿ ಹಾಕಿದರೆ ನಲ್ಲಿ ನೀರಿನ ಕ್ಲೋರಿನ್ ಕೂಡ ಹೋಗುತ್ತದೆ. ಗ್ಯಾಸ್ ಬಿಲ್ ನೋಡಿ ಹುಡುಗಿ ಗೊಣಗಿದರೆ ಅರ್ಧ ನೀರು ಮಾತ್ರ ಹೀಗೆ ಮಾಡಲಿ, ಉಳಿದದ್ದಕ್ಕೆ ಬಾಟಲಿ ನೀರು ಕೊಳ್ಳಲಿ. ಅದರ ಚೀಟಿಯಲ್ಲಿ ಕ್ಯಾಲ್ಸಿಯಂ, ಬೈಕಾರ್ಬನೇಟ್ ಎರಡೂ ಕಡಿಮೆ ಇರುವುದನ್ನು ನೋಡಿ.

ವರ್ಷಾಂತಿಕ ಡಿಸೆಂಬರಿನಲ್ಲಿ ಎಂದಿರಿ. ಬಕೆಟ್ಟಿನಲ್ಲಿ ಎರಡು ವಾರ, ಬಾಟಲಿಯಲ್ಲಿ ನಾಲ್ಕರಿಂದ ಆರು ವಾರ ಹಿಡಿಯಿರಿ. ಅಕ್ಟೋಬರ್ ಮೊದಲ ವಾರದಲ್ಲಿ ಒಲೆ ಹಚ್ಚಲು ಹೇಳಿ. ಹೈಡ್ರೋಮೀಟರ್ ಈಗಲೇ ಕೊಂಡಿಡಲಿ.