ಹಳೆಯ ಪೋರ್ಷೆಯ ಆಕ್ಸಲ್: ಬಿಚ್ಚಿ ನೋಡಿದ ಮೇಲೆ ತೀರ್ಮಾನಿಸಿ

ಪ್ರಶ್ನೆ: ನನ್ನ ಬಳಿ 1987ರ ಪೋರ್ಷೆ 944 ಕಾರಿದೆ. ರಜೆಯ ದಿನಗಳಲ್ಲಿ ಮಾತ್ರ ಓಡಿಸುತ್ತೇನೆ. ಕೆಲವು ವಾರಗಳಿಂದ ನಿಧಾನವಾಗಿ ಹೋಗುವಾಗ ಹಿಂಭಾಗದಿಂದ ಚಕ್ರ ಸುತ್ತುವ ಲಯಕ್ಕೆ ಸರಿಯಾಗಿ ‘ಟಿಕ್ ಟಿಕ್’ ಎಂಬ ಸದ್ದು ಬರುತ್ತಿದೆ. ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದರೆ ‘ಟಕ್’ ಎಂದು ಪೆಟ್ಟು ಬಿದ್ದಂತಾಗುತ್ತದೆ. ಎಡಗಡೆಯ ಆಕ್ಸಲ್ ತುದಿಯ ರಬ್ಬರ್ ಬೂಟ್ (ಗ್ರೀಸ್ ಹಿಡಿದಿಡುವ ಗವಸು) ಹರಿದು ಗ್ರೀಸ್ ಹೊರಗೆ ಸಿಡಿದಿದೆ. ಗ್ಯಾರೇಜಿನವರು ಎರಡೂ ಕಡೆಯ ಆಕ್ಸಲ್ ಹೊಸದಾಗಿ ಹಾಕಿಸಿ ಎನ್ನುತ್ತಾರೆ. ಹಳೆಯದನ್ನೇ ಸರಿಪಡಿಸಿಕೊಳ್ಳಬಹುದೆ?
– ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ಬಹುಮಟ್ಟಿಗೆ ಸರಿಪಡಿಸಿಕೊಳ್ಳಬಹುದು. ಆದರೆ ಆ ತೀರ್ಮಾನವನ್ನು ಆಕ್ಸಲ್ ತುದಿಯ ಜಾಯಿಂಟ್ (ಕೀಲು) ಬಿಚ್ಚಿ, ತೊಳೆದು, ಬೆಳಕಿಗೆ ಹಿಡಿದು ನೋಡಿದ ಮೇಲೆ ಮಾಡಬೇಕೇ ಹೊರತು ಸದ್ದನ್ನಷ್ಟೇ ಕೇಳಿ ಮಾಡಬಾರದು.

ಊರಿನಲ್ಲಿ ಮಾರುತಿ 800 ಓಡಿಸಿದವರಿಗೆ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಚಕ್ರದಿಂದ ಬರುವ ‘ಕಟಕಟ’ ಸದ್ದು ಚೆನ್ನಾಗಿ ಗೊತ್ತಿರುತ್ತದೆ. ನಿಮ್ಮ ಕಾರಿನ ಲಕ್ಷಣ ಬೇರೆ. 944ರಲ್ಲಿ ಎಂಜಿನ್ ಮುಂದಿದೆ, ಗೇರ್‌ಬಾಕ್ಸ್ ಹಿಂದಿದೆ. ಗೇರ್‌ಬಾಕ್ಸಿನಿಂದ ಎರಡು ಗಿಡ್ಡ ಶಾಫ್ಟ್‌ಗಳು ಹಿಂದಿನ ಚಕ್ರಗಳಿಗೆ ಹೋಗುತ್ತವೆ, ಪ್ರತಿ ಶಾಫ್ಟಿನ ಎರಡೂ ತುದಿಗೆ ಒಂದೊಂದು ಸಿ.ವಿ. ಜಾಯಿಂಟ್ (ಬಾಗಿದಾಗಲೂ ಒಂದೇ ವೇಗದಲ್ಲಿ ತಿರುಗಿಸುವ ಕೀಲು) ಇರುತ್ತದೆ. ಶಾಫ್ಟ್, ಜಾಯಿಂಟ್ ಎಲ್ಲ ಸೇರಿದ್ದೇ ಆಕ್ಸಲ್. ಹಿಂದಿನ ಚಕ್ರಗಳು ಸ್ಟಿಯರಿಂಗಿಗೆ ಹೊರಳುವಂಥವಲ್ಲವಾದ್ದರಿಂದ, ಇಲ್ಲಿ ಜಾಯಿಂಟ್ ಸವೆದದ್ದು ಹೆಚ್ಚಾಗಿ ತಿಳಿಯುವುದು ಆಕ್ಸಿಲರೇಟರ್ ಒತ್ತಿದಾಗ ಮತ್ತು ಬಿಟ್ಟಾಗ. ಆದರೂ ‘ಟಕ್’ ಎನ್ನುವ ಪೆಟ್ಟಿಗೆ ಜಾಯಿಂಟೇ ಕಾರಣವೆಂದು ಹೇಳಿಬಿಡಲಾಗದು. ಈ ಕಾರಿನ ಮೂಲ ಕ್ಲಚ್ ಪ್ಲೇಟಿನ ನಡುಭಾಗ ರಬ್ಬರಿನದು. ವಯಸ್ಸಾದಂತೆ ಆ ರಬ್ಬರ್ ಒಡೆದು ಇಂಥದೇ ಪೆಟ್ಟು ಕೊಡುತ್ತದೆ. ಗೇರ್‌ಬಾಕ್ಸನ್ನು ಹೊತ್ತಿರುವ ಮೌಂಟ್ ಸೋತಿದ್ದರೂ ಹಾಗೆಯೇ ಆಗುತ್ತದೆ.

ಆದ್ದರಿಂದ ಮೊದಲು ಮುಂದಿನ ಚಕ್ರಗಳಿಗೆ ಉರುಳದಂತೆ ಅಡ್ಡಗಟ್ಟೆ ಕೊಟ್ಟು, ಹಿಂದಿನ ಎರಡೂ ಚಕ್ರಗಳನ್ನು ಎತ್ತಿ, ಕಾರನ್ನು ಭದ್ರವಾದ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ. ಬರಿಯ ಜ್ಯಾಕ್ ನಂಬಿ ಕಾರಿನ ಕೆಳಗೆ ಎಂದಿಗೂ ಹೋಗಬೇಡಿ. ಗೇರ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆದಿಟ್ಟು, ಶಾಫ್ಟನ್ನು ಎರಡೂ ಕೈಗಳಿಂದ ಹಿಡಿದು ಅತ್ತಿತ್ತ ತಿರುಚಿ ನೋಡಿ. ಫ್ಲ್ಯಾಂಜ್ (ಜಾಯಿಂಟನ್ನು ಬೋಲ್ಟ್ ಮಾಡಿರುವ ತಟ್ಟೆ) ಅಲುಗದೆ ಶಾಫ್ಟ್ ಮಾತ್ರ ಅಲುಗಿದರೆ ಸಡಿಲ ಇರುವುದು ಜಾಯಿಂಟಿನೊಳಗೆ. ಶಾಫ್ಟ್ ಒಳಕ್ಕೂ ಹೊರಕ್ಕೂ ಸ್ವಲ್ಪ ಜಾರುವುದು ದೋಷವಲ್ಲ; ಚಕ್ರ ಮೇಲೆ ಕೆಳಗೆ ಆಡಿದಂತೆ ಉದ್ದದ ವ್ಯತ್ಯಾಸವನ್ನು ನುಂಗಿಕೊಳ್ಳಲೆಂದೇ ಜಾಯಿಂಟನ್ನು ಹಾಗೆ ಮಾಡಿದ್ದಾರೆ. ಬೋಲ್ಟ್‌ಗಳು ಬಿಗಿಯಾಗಿವೆಯೇ ಎಂಬುದನ್ನೂ ಆಗಲೇ ನೋಡಿಬಿಡಿ. ಯಾರೋ ಹಿಂದೊಮ್ಮೆ ಗ್ರೀಸ್ ಒರೆಸದೆ ಹಾಕಿದ ಬೋಲ್ಟ್‌ಗಳು ತಾವಾಗಿಯೇ ಸಡಿಲಗೊಂಡು ಸದ್ದು ಮಾಡುವುದು ಅಪರೂಪವೇನಲ್ಲ.

ಮನೆಯಲ್ಲಿ ಮಾಡಿಕೊಳ್ಳುವವರಿಗೆ ಈ ಕಾರು ಒಂದು ದೊಡ್ಡ ಉಪಕಾರ ಮಾಡಿದೆ: ಶಾಫ್ಟ್ ಎರಡೂ ಕಡೆ ಫ್ಲ್ಯಾಂಜಿಗೆ ಬೋಲ್ಟ್ ಆಗಿರುವುದರಿಂದ ಚಕ್ರದ ನಡುವಿನ ದೊಡ್ಡ ನಟ್ಟನ್ನು ಮುಟ್ಟುವ ಅಗತ್ಯವೇ ಇಲ್ಲ. ಕಷ್ಟವಿರುವುದು ಒಂದು ಜಾಯಿಂಟಿಗೆ ಆರರಂತೆ ಇರುವ ಆ ಬೋಲ್ಟ್‌ಗಳಲ್ಲಿ. ಅವುಗಳ ತಲೆಯ ಗುಳಿಯಲ್ಲಿ ವರ್ಷಗಟ್ಟಲೆಯ ಗ್ರೀಸ್, ಮಣ್ಣು ಸೇರಿ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಸೂಜಿಯಂಥ ಮೊನೆಯಿಂದ ಕೆರೆದು, ಬ್ರೇಕ್ ಕ್ಲೀನರ್ ಸಿಂಪಡಿಸಿ, ತಳ ಬೆಳ್ಳಗೆ ಕಾಣುವವರೆಗೆ ಸ್ವಚ್ಛಗೊಳಿಸಿ; ಬಳಿಕ ಅದಕ್ಕೆ ಸರಿಹೊಂದುವ ಬಿಟ್ ಇಟ್ಟು, ಸುತ್ತಿಗೆಯಿಂದ ಮೆಲ್ಲನೆ ಎರಡು ಏಟು ಹಾಕಿ, ಪೂರ್ತಿ ಕೂತ ಮೇಲೆಯೇ ತಿರುಗಿಸಿ. ಹಲವು ಕಾರುಗಳಲ್ಲಿ ಈ ಗುಳಿ ಹನ್ನೆರಡು ಮೂಲೆಯದು, ಕೆಲವದರಲ್ಲಿ ಸಾಮಾನ್ಯ ಅಲೆನ್ ಕೀಯ ಆರು ಮೂಲೆಯದು. ಒಂದರ ಬಿಟ್ಟನ್ನು ಇನ್ನೊಂದಕ್ಕೆ ತುರುಕಿದರೆ ಮೂಲೆಗಳು ಸವೆದು, ಅರ್ಧ ದಿನದ ಕೆಲಸ ಎರಡು ದಿನ ಹಿಡಿಯುತ್ತದೆ. ಒಂದು ಬದಿಯ ಬೋಲ್ಟ್‌ಗಳೆಲ್ಲ ಬಂದ ಮೇಲೆ ಶಾಫ್ಟನ್ನು ಜೋತುಬಿಡದೆ ತಂತಿಯಿಂದ ಕಟ್ಟಿಡಿ, ತೆರೆದ ಜಾಯಿಂಟಿಗೆ ಪ್ಲಾಸ್ಟಿಕ್ ಚೀಲ ಸುತ್ತಿ.

ಮೇಜಿನ ಮೇಲೆ ಸರ್ಕ್ಲಿಪ್ (ಜಾಯಿಂಟನ್ನು ಶಾಫ್ಟಿನ ಮೇಲೆ ಹಿಡಿದಿಡುವ ಸ್ಪ್ರಿಂಗ್ ಬಳೆ) ತೆಗೆದು, ಜಾಯಿಂಟನ್ನು ಶಾಫ್ಟಿನಿಂದ ಕಳಚಿ, ಹಳೆಯ ಗ್ರೀಸ್ ಪೂರ್ತಿ ತೊಳೆಯಿರಿ. ಒಳಗಿರುವುದು ಆರು ಉಕ್ಕಿನ ಗುಂಡುಗಳು, ಅವನ್ನು ಹಿಡಿದಿರುವ ಕೇಜ್, ಒಳಗಿನ ಮತ್ತು ಹೊರಗಿನ ಬಳೆಗಳು. ಗುಂಡು ಓಡುವ ಹಳ್ಳದಲ್ಲಿ ಹೊಳಪಿನ ಗೆರೆಯಷ್ಟೇ ಇದ್ದರೆ ಚಿಂತೆಯಿಲ್ಲ. ಹಳ್ಳದ ಉದ್ದಕ್ಕೂ ಉಗುರು ಎಳೆದು ನೋಡಿ. ಎಲ್ಲಿಯಾದರೂ ಉಗುರು ತಡೆದರೆ, ಉಕ್ಕಿನ ಮೇಲ್ಮೈ ಚಕ್ಕೆಯೆದ್ದು ಚಿಕ್ಕ ಗುಳಿಗಳಾಗಿದ್ದರೆ, ಅಥವಾ ಕೇಜಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ, ಆ ಜಾಯಿಂಟಿನ ಆಯುಸ್ಸು ಮುಗಿಯಿತು. ಗಡಸುಗೊಳಿಸಿರುವುದು ಮೇಲಿನ ಪದರವನ್ನು ಮಾತ್ರ. ಅದು ಹೋದ ಮೇಲೆ ಎಷ್ಟು ಒಳ್ಳೆಯ ಗ್ರೀಸ್ ತುಂಬಿದರೂ ಪ್ರಯೋಜನವಿಲ್ಲ. ನಿಮ್ಮ ಹರಿದ ಬೂಟಿನ ಕಡೆಯ ಜಾಯಿಂಟ್ ಮರಳು, ನೀರು ತಿಂದು ಹೀಗಾಗಿರಬಹುದು. ಉಳಿದ ಮೂರು ಚೆನ್ನಾಗಿಯೇ ಇರುವ ಸಾಧ್ಯತೆ ಇದೆ. ಕೆಟ್ಟದ್ದನ್ನು ಮಾತ್ರ ಒಳ್ಳೆಯ ತಯಾರಕರ ಜಾಯಿಂಟಿನಿಂದ ಬದಲಿಸಿ, ನಾಲ್ಕಕ್ಕೂ ಹೊಸ ಬೂಟ್, ಹೊಸ ಗ್ರೀಸ್ ಹಾಕಿ.

ಮೂಲ ಶಾಫ್ಟನ್ನು ಎಸೆದು, ಅಗ್ಗದ ಬೆಲೆಗೆ ಪೂರ್ತಿಯಾಗಿ ಸಿಗುವ ಆಕ್ಸಲ್ ಹಾಕಿಸುವುದಕ್ಕೆ ನನ್ನ ಸ್ಪಷ್ಟ ವಿರೋಧವಿದೆ. ಅಂಥವುಗಳಲ್ಲಿ ಉಕ್ಕಿನ ಗಡಸುತನ, ಹಳ್ಳದ ನಯ ಹೇಗಿದೆಯೆಂದು ಕೊಳ್ಳುವವರಿಗೆ ತಿಳಿಯುವ ದಾರಿಯಿಲ್ಲ. ನಿಮ್ಮ ಕಾರಿನ ಶಾಫ್ಟ್ ಮೂರು ದಶಕಗಳಿಗೂ ಮೀರಿ ಬಾಳಿ ತನ್ನ ಗುಣವನ್ನು ತೋರಿಸಿದೆ.

ಮರುಜೋಡಣೆಯಲ್ಲಿ ಫ್ಲ್ಯಾಂಜಿನ ಬೋಲ್ಟ್ ರಂಧ್ರಗಳನ್ನೂ ಬೋಲ್ಟಿನ ಮರೆಗಳನ್ನೂ (ತಿರುಪು ಗೆರೆಗಳನ್ನೂ) ಗ್ರೀಸ್ ಒಂದು ಚೂರೂ ಉಳಿಯದಂತೆ ಒರೆಸಿ, ಎದುರುಬದುರಾಗಿ ಹಂತಹಂತವಾಗಿ ಬಿಗಿಯಿರಿ. 8 ಮಿ.ಮೀ. ಬೋಲ್ಟ್‌ಗಳಿಗೆ 42 ನ್ಯೂಟನ್ ಮೀಟರ್ ಬಿಗಿತ ಸಾಕು. ನಿಮ್ಮ ವರ್ಷದ ಕೈಪಿಡಿಯೊಡನೆ ಒಮ್ಮೆ ತಾಳೆ ನೋಡಿ. ನೂರಿನ್ನೂರು ಕಿಲೋಮೀಟರ್ ಓಡಿಸಿದ ಬಳಿಕ ಮತ್ತೊಮ್ಮೆ ಟಾರ್ಕ್ ರೆಂಚ್ (ಬಿಗಿತ ಅಳೆಯುವ ಪಾನಾ) ಹಾಕಿ ಪರೀಕ್ಷಿಸುವುದನ್ನು ಮರೆಯಬೇಡಿ.

ಪ್ರಶ್ನೆ: ನನ್ನದೂ 944. ಜಾಯಿಂಟ್ ಬಿಚ್ಚಿ ತೊಳೆದು ಮತ್ತೆ ಜೋಡಿಸಿದೆ. ಗುಂಡುಗಳು ಕೂತವು, ಆದರೆ ಈಗ ಜಾಯಿಂಟ್ ಬಾಗುವುದೇ ಇಲ್ಲ. ಏನು ತಪ್ಪಾಗಿದೆ?
– ಓದುಗರೊಬ್ಬರು, ಸ್ಟುಟ್‌ಗಾರ್ಟ್

ಉತ್ತರ: ಒಳಬಳೆಯನ್ನು ಒಂದು ಹಳ್ಳದಷ್ಟು ಆಚೀಚೆ ಕೂರಿಸಿದ್ದೀರಿ. ಈ ಬಗೆಯ ಜಾಯಿಂಟಿನ ಹಳ್ಳಗಳು ನೇರವಾಗಿಲ್ಲ, ಓರೆಯಾಗಿವೆ. ಪಕ್ಕಪಕ್ಕದ ಹಳ್ಳಗಳು ಎದುರು ದಿಕ್ಕಿಗೆ ವಾಲಿವೆ. ಹೀಗಾಗಿ ಮುಖದಿಂದ ನೋಡಿದರೆ ಎರಡು ಹಳ್ಳಗಳ ನಡುವಿನ ಅಂತರ ಒಮ್ಮೆ ಅಗಲ, ಒಮ್ಮೆ ಕಿರಿದು. ಹೊರಬಳೆಯ ಅಗಲವಾದ ಅಂತರಕ್ಕೆ ಎದುರಾಗಿ ಒಳಬಳೆಯ ಕಿರಿದಾದ ಅಂತರ ಬರಬೇಕು. ಆಗ ಒಳಗಿನ ಹಳ್ಳವೂ ಹೊರಗಿನ ಹಳ್ಳವೂ ಕತ್ತರಿಯಂತೆ ಒಂದನ್ನೊಂದು ದಾಟಿ, ಆ ದಾಟುವ ಜಾಗದಲ್ಲಿ ಗುಂಡು ನಿಲ್ಲುತ್ತದೆ; ಎರಡು ಶಾಫ್ಟ್‌ಗಳ ವೇಗ ಒಂದೇ ಸಮನಾಗಿರುವಂತೆ ನೋಡಿಕೊಳ್ಳುವುದು ಈ ಏರ್ಪಾಡೇ. ಅಗಲಕ್ಕೆ ಅಗಲ ಬಂದರೆ ಎರಡೂ ಹಳ್ಳ ಒಂದೇ ದಿಕ್ಕಿಗೆ ವಾಲಿ ಜಾಯಿಂಟ್ ಕಚ್ಚಿಕೊಳ್ಳುತ್ತದೆ. ಸುತ್ತಿಗೆಯಿಂದ ಹೊಡೆದು ಸರಿಮಾಡಲು ಹೋಗದೆ ಮತ್ತೆ ಬಿಚ್ಚಿ, ಒಂದು ಹಳ್ಳ ತಿರುಗಿಸಿ ಕೂರಿಸಿ; ಸರಿಯಾಗಿದ್ದರೆ ಕೈಯ ಒತ್ತಡಕ್ಕೇ ಬಾಗುತ್ತದೆ. ಒಂದು ಜಾಯಿಂಟಿನ ಗುಂಡುಗಳನ್ನು ಇನ್ನೊಂದಕ್ಕೆ ಬೆರೆಸಬೇಡಿ, ಅವು ಅಳತೆ ನೋಡಿ ಆಯ್ದ ಗುಂಪುಗಳು. ಮುಂದಿನ ಸಲ ಬಿಚ್ಚುವ ಮೊದಲೇ ಎರಡೂ ಬಳೆ ಮತ್ತು ಕೇಜಿನ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಎಳೆದುಕೊಳ್ಳಿ.

ಪ್ರಶ್ನೆ: ಸಿ.ವಿ. ಜಾಯಿಂಟಿಗೆ ಸಾಧಾರಣ ವೀಲ್ ಬೇರಿಂಗ್ ಗ್ರೀಸ್ ಹಾಕಬಹುದೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಬೇಡ. ಇಲ್ಲಿ ಗುಂಡುಗಳು ಉರುಳುವುದಷ್ಟೇ ಅಲ್ಲ, ಭಾರೀ ಒತ್ತಡದಲ್ಲಿ ಜಾರುತ್ತವೆ ಕೂಡ. ಅದಕ್ಕಾಗಿಯೇ ಮಾಲಿಬ್ಡಿನಮ್ ಡೈಸಲ್ಫೈಡ್ ಬೆರೆಸಿದ ಕಪ್ಪು ಗ್ರೀಸ್ ಇದೆ. ಬೂಟ್ ಕಿಟ್ಟಿನ ಜೊತೆಗೆ ಬರುವುದು ಸಾಮಾನ್ಯವಾಗಿ ಅದೇ. ಅದನ್ನು ಬೆರಳಿನಿಂದ ಗುಂಡುಗಳ ನಡುವೆ ಒತ್ತಿ ತುಂಬಿ, ಉಳಿದದ್ದನ್ನು ಬೂಟಿನೊಳಗೆ ಹಾಕಿ. ಹಳೆಯ ಗ್ರೀಸಿನ ಮೇಲೆ ಹೊಸದನ್ನು ತುಂಬುವುದು ಸಲ್ಲದು, ಅದರಲ್ಲಿ ಸೇರಿರುವ ಮರಳು ಅಲ್ಲಿಯೇ ಉಳಿದು ಹೊಸ ಗ್ರೀಸಿನಲ್ಲೂ ಹಳ್ಳಗಳನ್ನು ಅರೆಯುತ್ತಿರುತ್ತದೆ.