ಮೂಗು ಕೈಕೊಟ್ಟಾಗ

ಆಕೆಗೆ 48 ವರ್ಷ. ಮನೆಯಲ್ಲೇ ಸಾರಿನ ಪುಡಿ, ಹುಳಿಪುಡಿ ಮಾಡಿ ಮಾರುತ್ತಾರೆ. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) 2021ರ ಎರಡನೇ ಅಲೆಯಲ್ಲಿ ಕೋವಿಡ್ ಬಂದಿತ್ತು. ಜ್ವರ ಬಿಟ್ಟಿತು, ಹೋದ ವಾಸನೆ ವಾಪಸ್ ಬರಲಿಲ್ಲ. ಮೂರು ತಿಂಗಳಾದ ಮೇಲೆ, ಅಮ್ಮನಿಗೆ ನಿದ್ದೆಯೇ ಇಲ್ಲ ಅಂತ ಮಗಳು ನನ್ನ ಹತ್ತಿರ ಕರೆತಂದಳು.

ಮೊದಲು ಬರೀ ನಿದ್ದೆಯ ಮಾತು. ಆಮೇಲೆ ಮೆಲ್ಲಗೆ ಹೇಳಿದರು, "ಮೆಂತ್ಯ ಎರಡು ಸಲ ಸೀದುಹೋಯ್ತು ಮೇಡಂ. ಬಾಣಲೆ ಮುಂದೇನೇ ನಿಂತಿದ್ದೆ."

ರಾತ್ರಿ ನಾಲ್ಕೈದು ಸಲ ಎದ್ದು ಗ್ಯಾಸ್ ನೋಡುತ್ತಿದ್ದರು. ಮೈ ನಾತ ಬರುತ್ತಿದೆಯೋ ಏನೋ ಅಂತ ದಿನಕ್ಕೆ ಮೂರು ಸ್ನಾನ. ಈಚೆಗೆ ಇನ್ನೊಂದು ಶುರುವಾಗಿತ್ತು: ಈರುಳ್ಳಿ ಹುರಿದರೆ ಚರಂಡಿ ವಾಸನೆ, ಕಾಫಿ ಸುಟ್ಟ ರಬ್ಬರ್. ಹುಚ್ಚು ಹಿಡಿಯುತ್ತಿದೆ ಅಂತ ಹೆದರಿ ಯಾರಿಗೂ ಹೇಳಿರಲಿಲ್ಲ.

ಹುಚ್ಚಲ್ಲ, ಒಂದರ ವಾಸನೆ ಇನ್ನೊಂದಾಗಿ ಕೆಟ್ಟು ಬರುವ ಇದಕ್ಕೆ ಪರೋಸ್ಮಿಯಾ ಅಂತಾರೆ ಎಂದೆ. ಈ ವೈರಸ್ ಹೆಚ್ಚಾಗಿ ಕೆಡಿಸುವುದು ವಾಸನೆಯ ನರಕೋಶಗಳಿಗೆ ಆಸರೆಯಾಗಿರುವ ಕೋಶಗಳನ್ನು. ಆಸರೆ ತಪ್ಪಿದರೆ ನರಕೋಶಗಳೂ ಹಾಳಾಗಬಹುದು; ಅವು ಮತ್ತೆ ಹುಟ್ಟಿ ಮಿದುಳಿನ ಜೊತೆ ಸಂಪರ್ಕ ಕೂಡಿಸಿಕೊಳ್ಳುವಾಗ ಎಡವಟ್ಟಾಗುವುದುಂಟು. ಎಷ್ಟೋ ಜನರಿಗೆ ಇದು ಚೇತರಿಕೆಯ ನಡುವೆಯೇ ಬರುತ್ತದೆ. ಇಂಥ ದಿನಕ್ಕೆ ಸರಿಹೋಗುತ್ತೆ ಅಂತ ಮಾತ್ರ ನಾನು ಹೇಳಲಿಲ್ಲ. ಕೆಲವರಿಗೆ ವರ್ಷ ದಾಟುತ್ತದೆ.

ಅವರಿಗೆ ಜಾಸ್ತಿ ನೋವಾಗಿದ್ದು ಗಂಡನ ಮಾತಿನಿಂದ. "ಜೀವ ಉಳೀತಲ್ಲ, ವಾಸನೆ ಹೋದ್ರೆ ಹೋಗ್ಲಿ ಬಿಡು." ಒಳ್ಳೆ ಮನಸ್ಸಿನಿಂದಲೇ ಅಂದಿದ್ದು. ಆದರೆ ಅಲ್ಲಿಂದ ಈಕೆ ಬಾಯಿ ಬಿಟ್ಟಿರಲಿಲ್ಲ. ಮುಂದಿನ ಸಲ ಗಂಡನನ್ನೂ ಕರೆಸಿದೆ. ಮೂಗು ಬಿಗಿಯಾಗಿ ಹಿಡ್ಕೊಂಡು ಕಾಫಿ ಕುಡೀರಿ ಎಂದೆ. ಎರಡು ಗುಟುಕು ಕುಡಿದು, "ಬರೀ ಕಹಿ, ಸಿಹಿ. ಕಾಫೀನೇ ಇಲ್ಲ ಇದ್ರಲ್ಲಿ" ಅಂದರು. ಲೋಟ ಕೆಳಗಿಟ್ಟು ಹೆಂಡತಿ ಕಡೆ ನೋಡಿದರು. ನಾನು ಏನೂ ಸೇರಿಸಲಿಲ್ಲ.

ಮೊದಲು ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ, ಅಂಗಡಿಯವರು ಕೊಟ್ಟರು ಅಂತ ಸ್ಟಿರಾಯ್ಡ್ ನುಂಗಬೇಡಿ ಎಂದೆ. ಮನೆಯಲ್ಲಿ ಮಾಡಲು ಮೂಗಿನ ಅಭ್ಯಾಸವೊಂದಿದೆ, ಜರ್ಮನಿಯ ವೈದ್ಯರು 2009ರಲ್ಲಿ ಪ್ರಕಟಿಸಿದ್ದು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆ. ಬೆಳಿಗ್ಗೆ, ಸಂಜೆ ಒಂದೊಂದನ್ನೂ 15-20 ಸೆಕೆಂಡು ಹಗುರವಾಗಿ ಮೂಸಬೇಕು, ಆ ವಾಸನೆಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಕಡಿಮೆಯೆಂದರೂ ಮೂರು ತಿಂಗಳು. "ಸುಮ್ನೆ ಮೂಸೋದಾ?" ಎಂದು ಮೊದಲ ಸಲ ನಕ್ಕರು.

ಗ್ಯಾಸ್ ಹೆದರಿಕೆ ಭ್ರಮೆಯಲ್ಲ. ಸೋರಿದರೆ ಮೂಗಿಗೆ ತಿಳಿಯಲಿ ಅಂತಲೇ ಅದಕ್ಕೆ ಕೆಟ್ಟ ವಾಸನೆ ಬೆರೆಸಿರುತ್ತಾರೆ. ಮೂಗೇ ಕೆಲಸ ಮಾಡದಿದ್ದರೆ? ಅದಕ್ಕೇ ಸೋರಿಕೆಗೆ ಕೂಗುವ ಅಲಾರಂ ಹಾಕಿಸಲು ಹೇಳಿದೆ. ರಾತ್ರಿ ರೆಗ್ಯುಲೇಟರ್ ಬಂದ್ ಮಾಡುವ ಕೆಲಸ ಗಂಡನಿಗೆ. ಉಳಿದ ಅಡುಗೆಯ ಡಬ್ಬಿಗೆ ತಾರೀಖಿನ ಚೀಟಿ. ಹುರಿಯುವಾಗ ಮಗಳು ಪಕ್ಕದಲ್ಲಿರಲಿ, ಬಣ್ಣ ಮತ್ತು ಚಟಪಟ ಸದ್ದಿನ ಮೇಲೆ ಗಮನವಿರಲಿ. ಮೈ ವಾಸನೆ ಬಗ್ಗೆ ದಿನಕ್ಕೊಂದು ಸಲ ಮಗಳನ್ನು ಕೇಳಿ, ಅವಳು ಹೇಳಿದ್ದನ್ನು ನಂಬಿ. ಬಿಸಿ, ಕರಿದ ತಿಂಡಿ ಸೇರದಿದ್ದರೆ ಮೊಸರನ್ನ, ಹಣ್ಣು.

ಅಲಾರಂ ಬಂದ ವಾರವೇ ನಿದ್ದೆ ಸುಧಾರಿಸಿತು. ನಾಲ್ಕನೇ ತಿಂಗಳು ಬಂದಾಗ ಹೇಳಿದರು, "ಲವಂಗ ಮೊದ್ಲಿನ ಥರ ಇಲ್ಲ ಮೇಡಂ. ಆದ್ರೆ ಕಣ್ಣು ಮುಚ್ಕೊಂಡಿದ್ರೂ ಲವಂಗ ಅಂತ ಗೊತ್ತಾಯ್ತು." ಕಾಫಿ ಇನ್ನೂ ರಬ್ಬರೇ. ಗಂಡ ತಮ್ಮ ಲೋಟವನ್ನು ಜಗಲಿಗೆ ಒಯ್ದು ಕುಡಿಯುತ್ತಾರಂತೆ.